ತೋಟಾದ ಡಾಲರ್ ಮಾಡಿಸುವ ಮೊದಲು ಕೇಪು ನೋಡಿ

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂದಾಗ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಒರೆಸಿ, ಎಣ್ಣೆ ಹಚ್ಚಿ ಪೂಜೆಗೆ ಇಡುತ್ತಾರೆ. ಅದರ ಜೊತೆಗೇ ಅಟ್ಟದ ಮೇಲಿನ ಹಳೇ ಡಬ್ಬಿಯೂ ಕೆಳಗಿಳಿಯುತ್ತದೆ. ಒಳಗೆ ಅಜ್ಜನೋ ಅಪ್ಪನೋ ಹೊಡೆದಿಟ್ಟ ಪಿತ್ತಳೆ ತೋಟಾಗಳು, ಅಂದರೆ ಕೋವಿಯ ಗುಂಡಿನ ಖಾಲಿ ಕವಚಗಳು. ಇದರಲ್ಲಿ ಡಾಲರ್ ಮಾಡಿಕೊಡಿ, ಓಲೆ ಮಾಡಿಕೊಡಿ ಎಂದು ಕೆಲವರು ನನ್ನ ಅಂಗಡಿಗೆ ಬರುತ್ತಾರೆ. ಬೆಳ್ಳಿ ಕೆಲಸ ನನ್ನ ಕಸುಬು. ಅಪ್ಪನ ನೆನಪನ್ನು ಕೊರಳಿಗೆ ಹಾಕಿಕೊಳ್ಳಬೇಕು ಅನ್ನುವವರಿಗೆ ಇದನ್ನು ಮಾಡಿಕೊಡುವುದು ನನಗೂ ಖುಷಿ.

ಹೋದ ವರ್ಷ ಒಬ್ಬ ಹೆಣ್ಣುಮಗಳು ಏಳು ತೋಟಾ ತಂದು ಗಾಜಿನ ಮೇಲೆ ಸುರಿದರು. "ಎಲ್ಲಾ ಖಾಲಿ ಅಣ್ಣಾ, ಅಪ್ಪ ಹೊಡೆದದ್ದು" ಎಂದರು. ಐದು ನಿಜಕ್ಕೂ ಖಾಲಿ. ಒಂದರ ಬಾಯಿ ಮುಚ್ಚಿತ್ತು, ಅಂದರೆ ಒಳಗೆ ಚರೆ, ಮದ್ದು ಎಲ್ಲಾ ಇತ್ತು. ಏಳನೆಯದು ನೋಡಲು ಪೂರ್ತಿ ಖಾಲಿ. ಆದರೆ ಮಗುಚಿ ನೋಡಿದರೆ ತಳದ ಕೇಪು ನುಣ್ಣಗೆ, ಹೊಸದರ ಹಾಗೇ ಇತ್ತು. ಹೊಡೆಯುವಾಗ ಕೇಪಿಗೆ ಬಡಿಯುವ ಕೋವಿಯ ಸೂಜಿ ಅದಕ್ಕೆ ತಾಗಿಯೇ ಇರಲಿಲ್ಲ. ತುಂಬಿಸಲು ಇಟ್ಟುಕೊಂಡದ್ದು ಹಾಗೇ ಉಳಿದುಬಿಟ್ಟಿತ್ತು ಅನ್ನಿಸುತ್ತದೆ. ನನಗೆ ಜಾಸ್ತಿ ಭಯವಾದದ್ದು ಈ ಏಳನೆಯದನ್ನು ಕಂಡು. ಬಾಯಿ ಮುಚ್ಚಿದ್ದನ್ನು ಯಾರೂ ಬೆಸುಗೆಯ ಬೆಂಕಿಗೆ ಹಿಡಿಯುವುದಿಲ್ಲ. ಇದನ್ನು ಹಿಡಿದುಬಿಡುತ್ತಾರೆ.

ತಳದ ನಡುವೆ ಕೂತಿರುವ ಆ ಪುಟ್ಟ ಬಟ್ಟಲೇ ಕೇಪು. ಅದು ಸಿಡಿಯಲು ಮದ್ದು ಬೇಕಿಲ್ಲ, ಅದರೊಳಗಿನ ಚೂರು ಮಸಾಲೆಯೇ ಸಾಕು. ಏಟು ಬಿದ್ದರೂ ಸಿಡಿಯುತ್ತದೆ, ಬಿಸಿ ತಾಗಿದರೂ ಸಿಡಿಯುತ್ತದೆ. ಕೆಲಸ ಕಲಿಯುವಾಗ ನಾನು ಅಂಥದ್ದೊಂದನ್ನು ನೋಡದೆ ಬೆಸುಗೆಗೆ ಹಿಡಿದಿದ್ದೆ. ಟಪ್ ಎಂದು ಹಾರಿ ಗೋಡೆಯ ಗಾರೆಯಲ್ಲಿ ಗುಳಿ ಬಿತ್ತು. ನನ್ನ ಕಣ್ಣಿಗೂ ಆ ಗೋಡೆಗೂ ಒಂದೂವರೆ ಅಡಿ ದೂರ, ಅಷ್ಟೇ.

ಹಾಗಾಗಿ ಮೊದಲು ಕೇಪಿನ ಮೇಲೆ ಸೂಜಿಯ ಗುಳಿ ಇದೆಯಾ ನೋಡಿ. ಗುಳಿ ಇದ್ದ ಮಾತ್ರಕ್ಕೆ ನಂಬಬೇಡಿ, ಏಟು ಬಿದ್ದೂ ಹಾರದ ತೋಟಾ ಇರುತ್ತವೆ. ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಕಪ್ಪು ಮಸಿ ಕಾಣಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ನಾನು ಮುಟ್ಟುವುದಿಲ್ಲ. ಬಿಚ್ಚಿ ಮದ್ದು ಸುರಿದುಕೊಡಿ ಎಂದರೂ ಆಗುವುದಿಲ್ಲ. ತುದಿಗೆ ಬಣ್ಣ ಬಳಿದ ರೈಫಲ್ ಗುಂಡಾದರೆ ಕೈಯಲ್ಲೂ ಹಿಡಿಯುವುದಿಲ್ಲ, ಒಳಗೆ ಬೆಂಕಿ ಹತ್ತುವ ಸಾಮಾನು ಇರಬಹುದು. ಅವತ್ತು ಆ ಎರಡನ್ನು ಪಕ್ಕಕ್ಕಿಟ್ಟು, ಅವರ ಮನೆಯವರಿಂದ ಠಾಣೆಗೆ ಫೋನ್ ಮಾಡಿಸಿ ಒಪ್ಪಿಸಿದೆವು.

ಹೊಡೆದ ಕೇಪು ಮತ್ತೆ ಸಿಡಿಯುವುದಿಲ್ಲ, ನಿಜ. ಹಾಗಂತ ತೋಟಾ ಶುದ್ಧವಾಯಿತು ಅಂತಲ್ಲ. ಕೇಪಿನ ಮಸಾಲೆಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಹೊಡೆದ ಮೇಲೆ ಅದು ಮಸಿಯ ಜೊತೆ ಒಳಗೇ ಅಂಟಿಕೊಳ್ಳುತ್ತದೆ. ಒಣಗಿದ ತೋಟಾವನ್ನು ಅರದಲ್ಲಿ ಉಜ್ಜಿದರೆ, ಬಫ್ ಹಿಡಿದರೆ ಆ ಸೀಸ ದೂಳಾಗಿ ಮೂಗಿಗೆ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಮಕ್ಕಳ ಮಿದುಳಿಗೆ ಅದು ಎಷ್ಟು ಕೆಟ್ಟದ್ದು ಎಂದು ಡಾಕ್ಟರನ್ನು ಕೇಳಿ.

ಅದಕ್ಕೇ ನನ್ನಲ್ಲಿ ಎಲ್ಲವೂ ಒದ್ದೆ ಕೆಲಸ. ತೋಟಾ ತೊಳೆಯುವ ತನಕ ಗರಗಸ ಮುಟ್ಟುವುದಿಲ್ಲ. ಬಾಯಿಯಿಂದ ಸೂಜಿ ಇಳಿಸಿ, ಕೇಪನ್ನು ಹೊರಕ್ಕೆ ತಳ್ಳಿ, ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ಬ್ರಷ್ಷಿನಿಂದ ಒಳಗೂ ಹೊರಗೂ ತಿಕ್ಕುತ್ತೇನೆ. ಆಮೇಲೆ ಹುಣಸೆಹಣ್ಣು, ಮನೆಯಲ್ಲಿ ಪಿತ್ತಳೆ ಚೊಂಬು ಬೆಳಗಿದ ಹಾಗೆ. ಆದರೆ ಅಡುಗೆಮನೆ ಪಾತ್ರೆಯಲ್ಲಿ ಬೇಡ. ಹುಳಿಗೆ ಸೀಸವೂ ಕರಗುತ್ತದೆ. ಆ ನೀರನ್ನು ಬಾಳೆಗಿಡದ ಬುಡಕ್ಕೂ ಚೆಲ್ಲಬೇಡಿ. ಕತ್ತರಿಸುವಾಗ ನೀರು ತೊಟ್ಟಿಕ್ಕಿಸುತ್ತಾ ಕತ್ತರಿಸಿ, ಸ್ಯಾಂಡ್‌ಪೇಪರ್ ಹೊಡೆಯುವುದೂ ನೀರಲ್ಲೇ. ಅಕ್ಕಸಾಲಿಗಳಿಗೆ ಒಂದು ಮಾತು: ಈ ದೂಳನ್ನು ಚಿನ್ನದ ದೂಳಿನ ಡಬ್ಬಿಗೆ ಬೆರೆಸಬೇಡಿ. ಚೂರೇ ಚೂರು ಸೀಸ ಸೇರಿದರೂ ಚಿನ್ನ ಒಡಕು ಬೀಳುತ್ತದೆ. ಬೆಳ್ಳಿಯೂ ಅಷ್ಟೇ. ಸರಿಯಾಗಿ ತೊಳೆಯದ ತಳಕ್ಕೆ ಬೆಳ್ಳಿ ಕಟ್ಟು ಬೆಸೆದಾಗ ಬೆಳ್ಳಿಯಲ್ಲಿ ಇರುವೆ ತಿಂದಂತೆ ತೂತು ಬಿದ್ದದ್ದನ್ನು ನಾನೇ ಕಂಡಿದ್ದೇನೆ.

ಗಾಜು ಒರೆಸುವ ಅಮೋನಿಯಾ ದ್ರಾವಣದಲ್ಲಿ ತೊಳೆದರೆ ಪಳಪಳ ಅನ್ನುತ್ತದೆ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಇದಕ್ಕೆ ನಮ್ಮ ದೇಶದ್ದೇ ಒಂದು ಕಥೆಯಿದೆ. ಬ್ರಿಟಿಷ್ ಸೈನ್ಯ ಇಲ್ಲಿ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದರೆ ಎಷ್ಟೋ ತೋಟಾ ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಅದರ ಜೊತೆಗೆ ತೋಟಾ ಎಳೆದು ಮಾಡುವಾಗ ಪಿತ್ತಳೆಯಲ್ಲಿ ಉಳಿದ ಬಿಗಿತ. ತೋಟಾದ ಪಿತ್ತಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಇಷ್ಟು ಸತು ಇರುವ ಪಿತ್ತಳೆಗೆ ಅಮೋನಿಯಾ ಆಗಿಬರುವುದಿಲ್ಲ. ನಮ್ಮ ಕಡೆಯ ಅಟ್ಟಗಳೂ ಎಷ್ಟೋ ಕಡೆ ಕೊಟ್ಟಿಗೆಯ ಪಕ್ಕದಲ್ಲೇ ಇರುತ್ತವೆ ಅಲ್ವಾ? ಅದಕ್ಕೇ ನಾನು ಕತ್ತಿನ ಹತ್ತಿರ ಭೂತಗನ್ನಡಿ ಹಿಡಿದು ಕೂದಲೆಳೆಯ ಬಿರುಕು ಹುಡುಕುತ್ತೇನೆ. ಬಾಗಿಸುವ ಮೊದಲು ಮೆಲ್ಲಗೆ ಪುಟ ಕೊಡುತ್ತೇನೆ, ಅಂದರೆ ಕಾಯಿಸಿ ಆ ಬಿಗಿತ ಇಳಿಸುತ್ತೇನೆ. ಬೆಂಕಿ ಜಾಸ್ತಿಯಾದರೆ ಸತು ಕುದಿಯುತ್ತದೆ, 907 ಡಿಗ್ರಿ ಸಾಕು. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಈಗಿನ ಪ್ಲಾಸ್ಟಿಕ್ ತೋಟಾದ ತಳಕ್ಕೆ ಅಯಸ್ಕಾಂತ ಅಂಟಿದರೆ ಅದು ಪಿತ್ತಳೆ ಬಳಿದ ಕಬ್ಬಿಣ. ತುಕ್ಕು ಹಿಡಿಯುತ್ತದೆ, ಬಿಟ್ಟುಬಿಡಿ. ಬೆಳ್ಳಿಯಂತೆ ಹೊಳೆಯುವ ತೋಟಾಗೆ ಸಾಮಾನ್ಯವಾಗಿ ನಿಕ್ಕಲ್ ಲೇಪ ಇರುತ್ತದೆ. ಕೆಲವರ ಚರ್ಮಕ್ಕೆ ತುರಿಕೆ. ಓಲೆಯ ಕೊಕ್ಕೆ ಮಾತ್ರ ಯಾವಾಗಲೂ ಚಿನ್ನ ಅಥವಾ ಬೆಳ್ಳಿಯದ್ದೇ ಇರಲಿ. ಸೀಸದ ಗುಂಡನ್ನು ಮೈಗೆ ತಾಗುವಂತೆ ಕಟ್ಟಿಕೊಡಿ ಎಂದರೆ ನಾನು ಒಪ್ಪುವುದಿಲ್ಲ.

ಕಾಗದದ ವಿಷಯವೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ಬಿಡಿಭಾಗಗಳನ್ನೂ ಮದ್ದುಗುಂಡಿನ ಲೆಕ್ಕಕ್ಕೇ ಸೇರಿಸುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ, ನನಗಿಲ್ಲ. ಅವರಿಂದ ಉಡುಗೊರೆ ಪಡೆದ ಗೆಳತಿಗೂ ಇಲ್ಲ. ಹಾಗಾಗಿ ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದ ಕಾಗದ ತಂದರೆ ಮಾತ್ರ ನಾನು ಕೆಲಸ ಹಿಡಿಯುತ್ತೇನೆ. ಇಡೀ ತೋಟಾದ ಆಕಾರ ಉಳಿಸುವುದೂ ಇಲ್ಲ. ತಳವನ್ನು ಬಿಲ್ಲೆಯಂತೆ ಕತ್ತರಿಸಿ, ಕೇಪಿನ ಜಾಗದಲ್ಲಿ ಒಂದು ಹವಳವನ್ನೋ ಬೆಳ್ಳಿ ಗುಂಡನ್ನೋ ಕೂರಿಸುತ್ತೇನೆ. ಅದರ ಸುತ್ತ ತಳದಲ್ಲಿ ಒತ್ತಿದ ಅಕ್ಷರ ಹಾಗೇ ಇರುತ್ತದೆ. ನೆನಪಿಗೆ ಆ ಅಕ್ಷರವೇ ಬೇಕಾದದ್ದು.

ಆ ಹೆಣ್ಣುಮಗಳಿಗೆ ಒಂದು ಡಾಲರ್, ಒಂದು ಜೊತೆ ಓಲೆ ಆಯಿತು. ಡಾಲರ್ ದುಬೈಯಲ್ಲಿರುವ ತಂಗಿಗಂತೆ. ಏರ್‌ಪೋರ್ಟ್‌ನ ಸ್ಕ್ಯಾನರಿನಲ್ಲಿ ಅನುಮಾನ ಬಂದರೆ ವಿಮಾನ ತಪ್ಪುವುದೊಂದೇ ಅಲ್ಲ, ಪೊಲೀಸರ ಮುಂದೆ ಕೂರಬೇಕಾಗುತ್ತದೆ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಡಾಲರನ್ನು ತಾವೇ ಹಾಕಿಕೊಂಡರು. ತಂಗಿ ಊರಿಗೆ ಬಂದಾಗ ಹಾಕಿಕೊಳ್ಳಲಿ ಎಂದರು.