ಟಾರ್ಚಿನ ವಿವರಪಟ್ಟಿಯನ್ನು ಕೆಳಗಿನಿಂದ ಓದಬೇಕು

ಲಿಫ್ಟ್‌ಗಳ ನಿರ್ವಹಣೆ ನನ್ನ ಕಸುಬು. ಲಿಫ್ಟ್ ಓಡಾಡುವ ಬಾವಿಯ ತಳ, ಮೇಲಿನ ಮೆಷಿನ್ ರೂಮು, ನಿಯಂತ್ರಣ ಪೆಟ್ಟಿಗೆಯೊಳಗಿನ ತಂತಿಗಳ ಸಿಕ್ಕು, ಇವುಗಳ ನಡುವೆಯೇ ದಿನ ಕಳೆಯುವ ನನಗೆ ಸ್ಕ್ರೂಡ್ರೈವರಿಗಿಂತ ಹೆಚ್ಚು ಬಾರಿ ಕೈಗೆ ಬರುವುದು ಟಾರ್ಚ್. ಹಾಗಾಗಿ ಜೇಬಿನಲ್ಲಿಟ್ಟುಕೊಳ್ಳಲು ಯಾವುದು ಒಳ್ಳೆಯದು ಎಂದು ಪರಿಚಿತರು ಕೇಳುತ್ತಿರುತ್ತಾರೆ. ಕೇಳುವಾಗ ಬಹುತೇಕ ಎಲ್ಲರ ಬೆರಳೂ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಲ್ಯೂಮೆನ್ ಸಂಖ್ಯೆಯ, ಅಂದರೆ ಟಾರ್ಚ್ ಹೊಮ್ಮಿಸುವ ಒಟ್ಟು ಬೆಳಕಿನ ಅಳತೆಯ, ಮೇಲೇ ಇರುತ್ತದೆ. ನಾನು ಆ ಪಟ್ಟಿಯನ್ನು ಕೆಳಗಿನಿಂದ ಓದುತ್ತೇನೆ. ಅತಿ ಕಡಿಮೆ ಬೆಳಕು ಎಷ್ಟು, ಮಧ್ಯಮ ಬೆಳಕು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಿದ ಮೇಲೆಯೇ ಗರಿಷ್ಠ ಅಂಕಿಯ ಕಡೆ ಕಣ್ಣು ಹಾಯಿಸುವುದು.

ಇದಕ್ಕೆ ಕಾರಣ ಬಿಸಿ. ಸಾವಿರ ಲ್ಯೂಮೆನ್ ಬೆಳಕು ಹೊಮ್ಮಿಸಲು ಎಲ್‌ಇಡಿಗೆ ಸುಮಾರು 8ರಿಂದ 10 ವ್ಯಾಟ್ ಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ. ಹೆಬ್ಬೆರಳಿನ ಗಾತ್ರದ ಅಲ್ಯೂಮಿನಿಯಂ ಕೊಳವೆ ಅಷ್ಟು ಶಾಖವನ್ನು ಹೊರಹಾಕಲಾರದು. ಒಂದೆರಡು ನಿಮಿಷದಲ್ಲೇ ಒಳಗಿನ ಸರ್ಕ್ಯೂಟ್ ತಾನಾಗಿ ಬೆಳಕನ್ನು ತಗ್ಗಿಸುತ್ತದೆ. ಟಾರ್ಚ್ ತಯಾರಕರು ಅನುಸರಿಸುವ ಎಫ್‌ಎಲ್‌1 ಎಂಬ ಮಾನದಂಡದಲ್ಲಿ ಬೆಳಕನ್ನು ಅಳೆಯುವುದು ಟಾರ್ಚ್ ಹೊತ್ತಿಸಿದ ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ. ಆದರೆ ಎಷ್ಟು ಹೊತ್ತು ಉರಿಯುತ್ತದೆ ಎಂಬ ಲೆಕ್ಕವು ಆ ಬೆಳಕು ಶೇಕಡಾ 10ಕ್ಕೆ ಇಳಿಯುವವರೆಗೂ ಮುಂದುವರಿಯುತ್ತದೆ. ಅಂದರೆ ‘1000 ಲ್ಯೂಮೆನ್, 2 ಗಂಟೆ’ ಎಂದು ಬರೆದಿದ್ದರೆ, ಆ ಎರಡು ಗಂಟೆಯಲ್ಲಿ ಸಾವಿರ ಲ್ಯೂಮೆನ್ ಇದ್ದದ್ದು ಎರಡೇ ನಿಮಿಷವಾಗಿದ್ದರೂ ಬರೆದದ್ದು ಸುಳ್ಳಾಗುವುದಿಲ್ಲ. ಹೊತ್ತು ಕಳೆದಂತೆ ಬೆಳಕು ಹೇಗೆ ಇಳಿಯುತ್ತದೆ ಎಂಬ ನಕ್ಷೆಯನ್ನು ಕೊಡುವ ತಯಾರಕರನ್ನು ನಾನು ಹೆಚ್ಚು ನಂಬುತ್ತೇನೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಫ್ಲ್ಯಾಶ್‌ಲೈಟ್ ಎಂಬ ಹೆಸರೇ ಇಂಥದೊಂದು ದೌರ್ಬಲ್ಯದಿಂದ ಬಂದದ್ದು. 1899ರಲ್ಲಿ ಡೇವಿಡ್ ಮೈಸೆಲ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಕಾಲದ ಕೈದೀಪಗಳಲ್ಲಿ ಸೆಲ್‌ಗಳು ಎಷ್ಟು ದುರ್ಬಲವಾಗಿದ್ದವೆಂದರೆ, ಒಮ್ಮೆ ಮಿಂಚಿಸಿ ಅವಕ್ಕೆ ವಿರಾಮ ಕೊಡಬೇಕಾಗುತ್ತಿತ್ತು. ಇಂದಿನ ಪುಟ್ಟ ಟಾರ್ಚುಗಳ ‘ಟರ್ಬೊ’ ಎಂಬ ಗರಿಷ್ಠ ಬೆಳಕೂ ಅದೇ ಜಾತಿಯದು, ದಣಿಯುವುದು ಸೆಲ್ಲಿನ ಬದಲು ಕೊಳವೆ, ಅಷ್ಟೆ.

ಕಣ್ಣಿನ ಲೆಕ್ಕವೂ ಬೇರೆ. ಬೆಳಕು ಎರಡು ಪಟ್ಟಾಗಿದೆ ಎಂದು ಕಣ್ಣಿಗೆ ಅನ್ನಿಸಬೇಕಾದರೆ ಲ್ಯೂಮೆನ್ ಸುಮಾರು ನಾಲ್ಕು ಪಟ್ಟಾಗಬೇಕು. 800 ಮತ್ತು 1000ದ ನಡುವಿನ ಅಂತರ ಪಕ್ಕಪಕ್ಕದಲ್ಲಿಟ್ಟು ನೋಡದ ಹೊರತು ತಿಳಿಯುವುದೇ ಇಲ್ಲ. ಕೆಳಗಿನ ಹಂತಗಳಲ್ಲಿ ಮಾತ್ರ ಪ್ರತಿ ಹೆಜ್ಜೆಯೂ ಎದ್ದು ಕಾಣುತ್ತದೆ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು, ಮೂವತ್ತು ನಿಮಿಷ ಹಿಡಿಯುತ್ತದೆ. ನಡುರಾತ್ರಿ ಎದ್ದಾಗ ಒಂದು ಲ್ಯೂಮೆನ್ನಿಗಿಂತ ಕಡಿಮೆಯ ಬೆಳಕಿದ್ದರೆ ಆ ಹೊಂದಾಣಿಕೆ ಹೆಚ್ಚು ಕೆಡುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೂ ಎಚ್ಚರವಾಗುವುದಿಲ್ಲ. ಕೈಯಳತೆಯ ಕೆಲಸಕ್ಕೆ 30ರಿಂದ 50, ಮೆಟ್ಟಿಲು ಇಳಿಯಲು ಮತ್ತು ದಾರಿ ನಡೆಯಲು 150ರ ಆಸುಪಾಸು ಸಾಕು. ನಮ್ಮ ನಿಯಂತ್ರಣ ಪೆಟ್ಟಿಗೆಗಳ ಒಳಮೈಗೆ ಸಾಮಾನ್ಯವಾಗಿ ತಿಳಿ ಬಣ್ಣ ಬಳಿದಿರುತ್ತದೆ. ಅದರೊಳಕ್ಕೆ ಐನೂರು ಲ್ಯೂಮೆನ್ ಬಿಟ್ಟರೆ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತದೆ, ತಂತಿ ಜೋಡಿಸುವ ಟರ್ಮಿನಲ್ ಮೇಲಿನ ಸಣ್ಣ ಅಂಕಿ ಆಗ ಓದಲು ಬರುವುದಿಲ್ಲ.

ಬೆಳಕಿನ ಪ್ರಮಾಣಕ್ಕಿಂತ ಅದರ ಗುಣವನ್ನು ನಾನು ಗಮನಿಸತೊಡಗಿದ್ದು ಒಂದು ತಪ್ಪಿನಿಂದ. ನನ್ನೊಂದಿಗೆ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ನೀಲಿ ಛಾಯೆಯ ಅಗ್ಗದ ಟಾರ್ಚಿನ ಬೆಳಕಿನಲ್ಲಿ ಕಂದು ತಂತಿಯನ್ನು ಕೆಂಪು ತಂತಿಯೆಂದು ಗುರುತು ಹಾಕಿದ. ನಾನು ಪರಿಶೀಲಿಸಿ ಅದಕ್ಕೇ ಒಪ್ಪಿಗೆಯನ್ನೂ ಕೊಟ್ಟೆ. ಮಲ್ಟಿಮೀಟರ್ ಇಟ್ಟಾಗ ತಪ್ಪು ತಿಳಿಯಿತು. ಬಾಗಿಲಾಚೆ ಹಗಲಿನ ಬೆಳಕಿಗೆ ಎಳೆದು ನೋಡಿದರೆ ಅವೆರಡರ ನಡುವೆ ಗೊಂದಲಕ್ಕೆ ಆಸ್ಪದವೇ ಇರಲಿಲ್ಲ. ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದನ್ನು ಸಿಆರ್‌ಐ ಎಂಬ ಅಂಕಿಯಲ್ಲಿ ಹೇಳುತ್ತಾರೆ, ಗರಿಷ್ಠ 100. ಸಾಧಾರಣ ಟಾರ್ಚುಗಳದು 70ರ ಹತ್ತಿರವಿರುತ್ತದೆ, 90 ದಾಟಿದ್ದರೆ ಉತ್ತಮ. ಆದರೆ ಈ ಅಂಕಿ ಎಂಟು ಮಾಸಲು ಬಣ್ಣಗಳ ಸರಾಸರಿಯಾದ್ದರಿಂದ ಗಾಢ ಕೆಂಪು ಅದರಲ್ಲಿ ಸೇರುವುದೇ ಇಲ್ಲ. ಅದನ್ನು ಆರ್‌9 ಎಂದು ಪ್ರತ್ಯೇಕವಾಗಿ ಅಳೆಯುತ್ತಾರೆ. ತಂತಿ, ಗಾಯ, ತುಕ್ಕು, ಸೋರಿದ ಎಣ್ಣೆ, ಇವುಗಳನ್ನು ಗುರುತಿಸಬೇಕಾದವರು ಆರ್‌9 ಸಹ ಕೇಳಬೇಕು. ಬೆಳಕು ಹಳದಿ ಕಡೆಗೋ ನೀಲಿ ಕಡೆಗೋ ಎಂದು ಹೇಳುವ ಬಣ್ಣದ ತಾಪಮಾನ 4000ದಿಂದ 5000 ಕೆಲ್ವಿನ್ ನಡುವೆ ಇರುವುದನ್ನು ನಾನು ಬಯಸುತ್ತೇನೆ. ಹೆಚ್ಚಿನ ಸಿಆರ್‌ಐ ಬೇಕೆಂದರೆ ಅದೇ ವಿದ್ಯುತ್ತಿಗೆ ಬರುವ ಲ್ಯೂಮೆನ್ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನಿಜ, ಆ ನಷ್ಟವನ್ನು ನಾನು ಸಂತೋಷದಿಂದ ಸಹಿಸುತ್ತೇನೆ.

ಬೆಳಕಿನ ಚೆಲ್ಲಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದೂರ ಎಸೆಯುವ ಟಾರ್ಚ್ ಹತ್ತಿರದಲ್ಲಿ ಒಂದು ಉರಿಯುವ ಚುಕ್ಕೆಯನ್ನು ಮಾತ್ರ ಮೂಡಿಸುತ್ತದೆ, ದಿನಬಳಕೆಗೆ ಅಗಲವಾಗಿ ಹರಡುವುದೇ ಅನುಕೂಲ. ಡಬ್ಬಿಯ ಮೇಲಿನ ‘200 ಮೀಟರ್’ ಎಂಬುದು ಬೆಳಕು ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಅಂದರೆ 0.25 ಲಕ್ಸ್‌ಗೆ (ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇಳಿಯುವ ದೂರ. ಅಲ್ಲಿ ನಿಂತವರ ಮುಖ ಗುರುತು ಹತ್ತುತ್ತದೆ ಎಂದು ಅದರ ಅರ್ಥವಲ್ಲ.

ಹಿರಿಯರು ಟಾರ್ಚನ್ನೇ ‘ಬ್ಯಾಟರಿ’ ಎಂದು ಕರೆಯುತ್ತಿದ್ದರು. ಕೊಳ್ಳುವ ದೃಷ್ಟಿಯಿಂದ ಅದೇ ಸರಿಯಾದ ಹೆಸರು, ಏಕೆಂದರೆ ಸೆಲ್ಲನ್ನು ಆರಿಸಿದಾಗಲೇ ಟಾರ್ಚಿನ ಗಾತ್ರ, ತೂಕ, ಬಾಳಿಕೆ ಎಲ್ಲವೂ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತವೆ. ಎಎ ಸೆಲ್ 14.5 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ. ಅಂಗಿಯ ಜೇಬಿಗೆ ಅದು ಹಿತ, ಎಲ್ಲಿ ಬೇಕಾದರೂ ಸಿಗುತ್ತದೆ. 18650 ಎಂಬ ಲಿಥಿಯಂ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ; ರೀಚಾರ್ಜ್ ಮಾಡುವ ಎಎ ಸೆಲ್ಲಿನ ನಾಲ್ಕೈದು ಪಟ್ಟು ಶಕ್ತಿ ಅದರಲ್ಲಿದೆ, ಆದರೆ ಪ್ಯಾಂಟಿನ ಜೇಬಿನಲ್ಲಿ ಅದರ ಭಾರ ತಿಳಿಯುತ್ತದೆ. ಎಎ ಗಾತ್ರದ್ದೇ ಆದ 14500 ಲಿಥಿಯಂ ಸೆಲ್ ಪೂರ್ತಿ ಚಾರ್ಜಾದಾಗ 4.2 ವೋಲ್ಟ್ ಕೊಡುತ್ತದೆ. ಎರಡನ್ನೂ ಒಪ್ಪುತ್ತದೆ ಎಂದು ತಯಾರಕರೇ ಹೇಳಿರದ ಟಾರ್ಚಿಗೆ ಅದನ್ನು ಹಾಕಿದರೆ ಸರ್ಕ್ಯೂಟ್ ಸುಟ್ಟುಹೋಗಬಹುದು. ಲಿಥಿಯಂ ಸೆಲ್ಲನ್ನು ಬಿಡಿಯಾಗಿ ಬೀಗದ ಕೈ, ನಾಣ್ಯಗಳ ಜೊತೆ ಜೇಬಿಗೆ ಹಾಕಲೇಬಾರದು, ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ಇನ್ನು ಬಳಸದೆ ಎತ್ತಿಟ್ಟ ಟಾರ್ಚುಗಳನ್ನು ಕೊಲ್ಲುವುದು ಆಲ್ಕಲೈನ್ ಸೆಲ್. ಅದರಿಂದ ಸೋರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸ್ಪ್ರಿಂಗನ್ನು ತಿಂದು, ಕೊನೆಗೆ ಸೆಲ್ಲನ್ನು ಕೊಳವೆಗೇ ಅಂಟಿಸಿಬಿಡುತ್ತದೆ. ವರ್ಷಗಟ್ಟಲೆ ಸುಮ್ಮನೆ ಇರಬೇಕಾದ ಟಾರ್ಚಿಗೆ ರೀಚಾರ್ಜ್ ಆಗದ ಲಿಥಿಯಂ ಎಎ ಸೆಲ್, ದಿನವೂ ಬಳಸುವುದಕ್ಕೆ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನನ್ನ ಆಯ್ಕೆ. ಯುಎಸ್‌ಬಿ-ಸಿ ಚಾರ್ಜಿಂಗ್ ಇರುವ ಟಾರ್ಚ್ ಕೊಳ್ಳುವವರು ಎರಡೂ ತುದಿಯಲ್ಲಿ ಸಿ ಇರುವ ಕೇಬಲಿನಿಂದ ಚಾರ್ಜ್ ಆಗುತ್ತದೆಯೇ ಎಂದು ಹಾಕಿ ನೋಡಬೇಕು. ಎರಡು ಪುಟ್ಟ ರೆಸಿಸ್ಟರುಗಳನ್ನು ಉಳಿಸಲು ಹೋಗಿ ಕೆಲವು ತಯಾರಕರು ಇದನ್ನು ಕೆಡಿಸಿರುತ್ತಾರೆ.

ಸ್ವಿಚ್ಚಿನಲ್ಲಿ ನಾನು ನೋಡುವುದು ಒಂದೇ ಸಂಗತಿ: ಒತ್ತಿದಾಗ ಮೊದಲು ಯಾವ ಹಂತ ಬರುತ್ತದೆ? ಮೊದಲ ಒತ್ತಿಗೇ ಗರಿಷ್ಠ ಬೆಳಕು ಬರುವ ಟಾರ್ಚ್ ಕೈಯಳತೆಯ ಕೆಲಸಕ್ಕೆ ಪೀಡೆ. ಪಕ್ಕದಲ್ಲಿ ಗುಂಡಿ ಇರುವ ಬಲವಾದ ಟಾರ್ಚುಗಳು ಜೇಬಿನಲ್ಲಿ ತಾವಾಗಿ ಹೊತ್ತಿಕೊಳ್ಳುವುದುಂಟು. ಹಾಗೆ ನನ್ನದೊಂದು ಪ್ಯಾಂಟಿನ ಜೇಬು ಕರಕಲಾಗಿದೆ, ತೊಡೆಯ ಮೇಲೆ ರೂಪಾಯಿಯಗಲದ ಬೊಬ್ಬೆಯೂ ಎದ್ದಿತ್ತು. ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ವಿದ್ಯುತ್ ಕಡಿದುಹೋಗುತ್ತದೆ, ಆದರೆ ಮುಚ್ಚಳದ ತಿರುಪಿನ ಸುತ್ತುಗಳಿಗೆ ಆನೋಡೈಜ್ ಮಾಡಿದ್ದರೆ, ಅಂದರೆ ವಿದ್ಯುತ್ ಹರಿಯದ ಆಕ್ಸೈಡ್ ಪದರ ಮೂಡಿಸಿದ್ದರೆ, ಮಾತ್ರ. ಬರಿಯ ಅಲ್ಯೂಮಿನಿಯಂ ಸುತ್ತುಗಳಾದರೆ ಸಡಿಲಿಸಿದರೂ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಕೊಳ್ಳುವಾಗ ಮುಚ್ಚಳ ತಿರುಗಿಸಿ ಪರೀಕ್ಷಿಸಲು ಐದು ಸೆಕೆಂಡು ಸಾಕು. ನೀರಿನ ವಿಷಯಕ್ಕೆ ಐಪಿಎಕ್ಸ್7, ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ, ಧಾರಾಳವಾಯಿತು. ಒಳಗಿನ ರಬ್ಬರ್ ಬಳೆಗೆ ಆಗಾಗ ತುಸು ಸಿಲಿಕೋನ್ ಗ್ರೀಸ್ ಸವರಬೇಕು.

ಫೋನಿನಲ್ಲೇ ಬೆಳಕಿದೆಯಲ್ಲ ಎಂದು ಕೇಳುವವರಿಗೆ ಲಿಫ್ಟಿನ ಬಾಗಿಲಿಗೂ ನೆಲಕ್ಕೂ ನಡುವೆ ಇರುವ ಎರಡು ಬೆರಳಗಲದ ಸಂದನ್ನು ತೋರಿಸುತ್ತೇನೆ. ಆ ಸಂದಿನಿಂದ ಜಾರಿ ಬಿದ್ದ ಫೋನುಗಳನ್ನು ಬಾವಿಯ ತಳದಿಂದ ನಾನೇ ಎತ್ತಿಕೊಟ್ಟಿದ್ದೇನೆ, ಅವುಗಳಲ್ಲಿ ಕೆಲವು ಬೀಳುವ ಹೊತ್ತಿಗೆ ಟಾರ್ಚಾಗಿಯೇ ಉರಿಯುತ್ತಿದ್ದವು. ನನ್ನ ಅಂಗಿಯ ಜೇಬಿಗೆ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡಿರುವುದು ಒಂದೇ ಎಎ ಸೆಲ್ಲಿನದು: ಅರ್ಧ ಲ್ಯೂಮೆನ್ನಿನಿಂದ ಶುರುವಾಗಿ 350ಕ್ಕೆ ಮುಗಿಯುತ್ತದೆ. 18650 ಸೆಲ್ಲಿನ ದೊಡ್ಡಣ್ಣ ಉಪಕರಣಗಳ ಚೀಲದಲ್ಲಿರುತ್ತಾನೆ. ವಾರಕ್ಕೊಮ್ಮೆ ಹೊರಬಂದರೆ ಹೆಚ್ಚು.