1911 ಪಿಸ್ತೂಲಿನ ಬ್ಯಾರಲ್ ಬುಷಿಂಗ್: ಬಿಗಿಯಾಗಿದ್ದರೂ ಬ್ಯಾರಲ್ ವಾಲುವುದು ಹೇಗೆ?

ಶಾರ್ಟ್ ರಿಕಾಯಿಲ್ ಏನು ಅಂತ ನಿಮಗೆ ಗೊತ್ತು ಎಂದುಕೊಂಡೇ ಬರೆಯುತ್ತಿದ್ದೇನೆ. ಗುಂಡು ಹಾರಿದಾಗ ಬ್ಯಾರಲ್ಲೂ (ಗುಂಡು ಹೊರಡುವ ಕೊಳವೆ) ಸ್ಲೈಡೂ (ಅದರ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಕವಚ) ಒಂದಕ್ಕೊಂದು ಸಿಕ್ಕಿಕೊಂಡು ಸ್ವಲ್ಪ ದೂರ ಜೊತೆಯಲ್ಲೇ ಹಿಂದಕ್ಕೆ ಬರುತ್ತವೆ, ಆಮೇಲೆ ಬ್ಯಾರಲ್‌ನ ಹಿಂಭಾಗ ಕೆಳಗಿಳಿದು ಬಿಡಿಸಿಕೊಳ್ಳುತ್ತದೆ, ಸ್ಲೈಡ್ ಮಾತ್ರ ಮುಂದುವರಿಯುತ್ತದೆ. ಅಷ್ಟು ಸಾಕು. ಉದಾಹರಣೆಗೆ ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ ಕೋಲ್ಟ್ .45 ತೆಗೆದುಕೊಳ್ಳೋಣ.

ಬುಷಿಂಗ್ ಏನು ಮಾಡುತ್ತದೆ

ಸ್ಲೈಡ್‌ನ ಮೂತಿಯಲ್ಲಿ ಕೂರುವ ಉಕ್ಕಿನ ಬಳೆ ಇದು. ತಿರುಗಿಸಿದರೆ ಸ್ಲೈಡ್‌ನ ಒಳಗಿನ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲಸ ಎರಡು. ಬ್ಯಾರಲ್‌ನ ಮುಂದಿನ ತುದಿಯನ್ನು ಹಿಡಿಯುವುದು ಒಂದು. ಕೆಳಗಿರುವ ರಿಕಾಯಿಲ್ ಸ್ಪ್ರಿಂಗ್‌ನ ಮುಚ್ಚಳ ಹೊರಗೆ ಹಾರದಂತೆ ತಡೆಯುವುದು ಇನ್ನೊಂದು. ಬಿಚ್ಚುವಾಗ ಆ ಮುಚ್ಚಳದ ಮೇಲೆ ಬೆರಳು ಇಟ್ಟುಕೊಳ್ಳದಿದ್ದರೆ ಸ್ಪ್ರಿಂಗ್ ಅದನ್ನು ಕೋಣೆಯ ಆಚೆ ಮೂಲೆಗೆ ಎಸೆಯುತ್ತದೆ!

ಬ್ಯಾರಲ್ಲನ್ನು ಸ್ಲೈಡ್‌ಗೆ ಲಾಕ್ ಮಾಡುವುದು ಬುಷಿಂಗ್ ಅಲ್ಲ. ಅದು ಬ್ಯಾರಲ್‌ನ ಮೇಲ್ಭಾಗದ ಲಗ್‌ಗಳ, ಅಂದರೆ ಉಬ್ಬು ಪಟ್ಟಿಗಳ ಕೆಲಸ.

ಮೂತಿಯಲ್ಲಿ ಅಷ್ಟು ದೊಡ್ಡ ತೂತು ಯಾಕೆ

1911ರಲ್ಲಿ ಬ್ಯಾರಲ್ ಸ್ಲೈಡ್‌ನ ಮುಂದಿನಿಂದ ಹೊರಗೆ ಬರುತ್ತದೆ. ಲಗ್‌ಗಳ ಸಮೇತ ಬರಬೇಕಲ್ವಾ, ಹಾಗಾಗಿ ಮೂತಿಯ ತೂತು ಬ್ಯಾರಲ್‌ನ ತುದಿಗಿಂತ ದೊಡ್ಡದಾಗಿರಲೇಬೇಕು. ಬ್ಯಾರಲ್ ಒಳಗೆ ಹೋದ ಮೇಲೆ ಉಳಿದ ಸಂದನ್ನು ತುಂಬುವುದೇ ಬುಷಿಂಗ್. ಇಷ್ಟು ಹಿಡಿದರೆ ಬೇರೆ ಪಿಸ್ತೂಲುಗಳ ಒಗಟು ತಾನೇ ಬಿಡಿಸಿಕೊಳ್ಳುತ್ತದೆ. ಗ್ಲಾಕ್‌ನಲ್ಲಿ ಬ್ಯಾರಲ್ ಸ್ಲೈಡ್‌ನ ಕೆಳಗಿನಿಂದ ಹೊರಗೆ ಬರುತ್ತದೆ. ಮೂತಿಯ ತೂತು ಬ್ಯಾರಲ್‌ನ ತುದಿ ತೂರುವಷ್ಟಿದ್ದರೆ ಸಾಕು. ಬಿಚ್ಚಿ ತೆಗೆಯುವ ಬುಷಿಂಗ್ ಬೇಕೇ ಇಲ್ಲ.

ವಾಲುವ ಲೆಕ್ಕ: ಇಲ್ಲೇ ನನ್ನ ತಲೆ ಕೆಟ್ಟಿದ್ದು

ಬ್ರೌನಿಂಗ್‌ನ ಹಳೆಯ ಕೋಲ್ಟ್ 1900 ಮಾದರಿಯಲ್ಲಿ ಬ್ಯಾರಲ್‌ಗೆ ಹಿಂದೆ ಒಂದು, ಮುಂದೆ ಒಂದು ಲಿಂಕ್ ಇತ್ತು (ಫ್ರೇಮ್‌ಗೆ, ಅಂದರೆ ಹಿಡಿಯಿರುವ ಕೆಳಭಾಗಕ್ಕೆ, ಬ್ಯಾರಲ್ಲನ್ನು ಜೋಡಿಸುವ ಕೊಂಡಿ). ಎರಡೂ ತುದಿ ಒಟ್ಟಿಗೆ ಇಳಿಯುತ್ತಿದ್ದವು, ಬ್ಯಾರಲ್ ನೇರವಾಗಿಯೇ ಇರುತ್ತಿತ್ತು. 1911ರಲ್ಲಿ ಮುಂದಿನ ಲಿಂಕ್ ಇಲ್ಲ. ಹಿಂಭಾಗ ಮಾತ್ರ ಇಳಿಯುತ್ತದೆ, ಮುಂದಿನ ತುದಿ ಬುಷಿಂಗ್ ಒಳಗೇ ವಾಲಬೇಕು. ಆದರೆ ಗುರಿ ಸರಿಯಾಗಿ ಬೀಳಬೇಕಾದರೆ ಬುಷಿಂಗ್ ಬಿಗಿಯಾಗಿರಬೇಕು, ಯಾಕೆಂದರೆ ಗುರಿ ನೋಡುವ ಸೈಟ್‌ಗಳು ಸ್ಲೈಡ್ ಮೇಲಿವೆ, ಗುಂಡು ಹೊರಡುವುದು ಬ್ಯಾರಲ್‌ನಿಂದ, ಪ್ರತಿ ಸಲವೂ ಎರಡೂ ಅದೇ ಜಾಗಕ್ಕೆ ಬಂದು ಕೂರಬೇಕು. ಬಿಗಿಯೂ ಇರಬೇಕು, ವಾಲಲೂಬೇಕು. ಉದ್ದನೆಯ ನಟ್‌ನಲ್ಲಿ ಬಿಗಿಯಾಗಿ ತೂರಿದ ಪೆನ್ನನ್ನು ಓರೆ ಮಾಡಿ ನೋಡಿ, ಆಗುವುದಿಲ್ಲ.

ಎಷ್ಟು ವಾಲಬೇಕು? ಸುಮ್ನೆ ಲೆಕ್ಕಕ್ಕೆ ಸಂಖ್ಯೆ ಇಟ್ಟುಕೊಳ್ಳೋಣ, ಇವು ಅಳತೆ ಮಾಡಿದವಲ್ಲ. ಲಗ್ ಬಿಡಿಸಿಕೊಳ್ಳಲು ಹಿಂಭಾಗ 1.25 ಮಿ.ಮೀ. ಇಳಿಯಬೇಕು ಅನ್ನಿ. ಬುಷಿಂಗ್‌ನಿಂದ ಲಗ್‌ಗೆ 105 ಮಿ.ಮೀ. ದೂರ. ಭಾಗಿಸಿದರೆ 0.012, ಅಂದರೆ ಸುಮಾರು 0.7 ಡಿಗ್ರಿ. ಬುಷಿಂಗ್ ಹಿಡಿಯುವ ಉದ್ದ 10 ಮಿ.ಮೀ. ಆದರೆ, ಅದರ ಎರಡು ತುದಿಗಳ ನಡುವೆ ಬರುವ ವ್ಯತ್ಯಾಸ 0.12 ಮಿ.ಮೀ. ಅಷ್ಟೇ! ಇಷ್ಟೇ ಜಾಗ ಬೇಕಾಗಿರುವುದು.

ಆ ಜಾಗ ಸುತ್ತಲೂ ಬೇಕಾಗಿಲ್ಲ. ಬ್ಯಾರಲ್‌ನ ಹಿಂಭಾಗ ಇಳಿದರೆ ಮೂತಿ ಮೇಲೆ ನೋಡುತ್ತದೆ. ಹಾಗಾಗಿ ಬುಷಿಂಗ್ ಒಳಗೆ ಮುಂದಿನ ಅಂಚಿನಲ್ಲಿ ಬ್ಯಾರಲ್ ಮೇಲಕ್ಕೆ ಒತ್ತುತ್ತದೆ, ಹಿಂದಿನ ಅಂಚಿನಲ್ಲಿ ಕೆಳಕ್ಕೆ ಒತ್ತುತ್ತದೆ. ಸಡಿಲ ಬೇಕಾಗಿರುವುದು ಆ ಎರಡೇ ಕಡೆ, ಮುಂದೆ ಮೇಲೆ, ಹಿಂದೆ ಕೆಳಗೆ. ಒಂದು ಚಿತ್ರ ಬರೆದುಕೊಳ್ಳಿ, ಬಾಯಿಪಾಠ ಬೇಡ. ಜಾಗ ಸಾಲದೇ ಹೋದರೆ ಲಿಂಕ್ ಕೆಳಕ್ಕೆ ಎಳೆಯುತ್ತದೆ, ಬುಷಿಂಗ್ ಬಿಡುವುದಿಲ್ಲ, ಮಧ್ಯೆ ಸಿಕ್ಕ ಬ್ಯಾರಲ್ ಬಿಲ್ಲಿನಂತೆ ಬಾಗುತ್ತದೆ.

ಇನ್ನೊಂದು ಉಪಾಯವೂ ಇದೆ. ಬ್ಯಾರಲ್‌ನ ತುದಿ ಮಾತ್ರ ಸ್ವಲ್ಪ ದಪ್ಪ, ಸುಮಾರು 14.7 ಮಿ.ಮೀ., ಅದರ ಹಿಂದೆ ತೆಳ್ಳಗೆ. ಸ್ಲೈಡ್ ಹಿಂದಕ್ಕೆ ಹೋಗುತ್ತಿದ್ದಂತೆ ಬುಷಿಂಗ್ ಕೂಡ ಜೊತೆಗೆ ಹೋಗಿ ಆ ತೆಳ್ಳಗಿನ ಭಾಗಕ್ಕೆ ಬರುತ್ತದೆ, ಆಗ ಬೇಕಾದಷ್ಟು ಸಡಿಲ. ಆದರೆ ಇದು ಲಾಕ್ ಬಿಡಿಸಿಕೊಂಡ ನಂತರದ ಕಥೆ. ವಾಲುವುದು ಶುರುವಾಗುವ ಕ್ಷಣದಲ್ಲಿ ಬ್ಯಾರಲ್ಲೂ ಸ್ಲೈಡೂ ಇನ್ನೂ ಜೊತೆಯಲ್ಲೇ ಇರುತ್ತವೆ, ಬುಷಿಂಗ್ ಇನ್ನೂ ದಪ್ಪ ತುದಿಯ ಮೇಲೇ ಇರುತ್ತದೆ. ಮೇಲಿನ 0.12 ಮಿ.ಮೀ. ಲೆಕ್ಕ ಬೇಕಾಗುವುದು ಆ ಕ್ಷಣಕ್ಕೇ.

ಬ್ಯಾರಲ್ ಚಿಕ್ಕದಾದರೆ? ಇಳಿಯುವ ಎತ್ತರ ಅಷ್ಟೇ, ದೂರ ಮಾತ್ರ ಕಡಿಮೆ. 105ರ ಬದಲು 70 ಹಾಕಿ, ಕೋನ 1 ಡಿಗ್ರಿ ಆಗುತ್ತದೆ. ಚಿಕ್ಕ 1911ಗಳಲ್ಲಿ ಎಷ್ಟೋ ಮಾದರಿಗಳು ಬುಷಿಂಗನ್ನೇ ಬಿಟ್ಟು ಬ್ಯಾರಲ್‌ನ ತುದಿಯನ್ನು ಶಂಕುವಿನಾಕಾರಕ್ಕೆ ದಪ್ಪ ಮಾಡಿರುವುದು ನನಗೆ ಅರ್ಥವಾಗಿದ್ದು ಈ ಭಾಗಾಕಾರದಿಂದಲೇ.

ಉಳಿದ ಚೂರುಗಳು

ಕೋಲ್ಟ್‌ನ ಸೀರೀಸ್ 70ರಲ್ಲಿ ಬುಷಿಂಗ್‌ಗೆ ಸೀಳಿದ ಬೆರಳುಗಳಿದ್ದವು, ಸ್ಪ್ರಿಂಗ್‌ನಂತೆ ಬ್ಯಾರಲ್ಲನ್ನು ಅಪ್ಪಿಕೊಳ್ಳುತ್ತಿದ್ದವು. ಉಪಾಯ ಚಂದವೇ, ಆದರೆ ಬೆರಳು ಮುರಿಯುತ್ತದೆ ಎಂಬ ದೂರು ಜಾಸ್ತಿ.

ರಷ್ಯಾದ ಟೋಕರೆವ್‌ನಲ್ಲೂ 1911ರ ತರಹದ್ದೇ ಬುಷಿಂಗ್. ನಮ್ಮ ಈಶಾಪುರ ಕಾರ್ಖಾನೆಯ 9 ಮಿ.ಮೀ. ಪಿಸ್ತೂಲು ಬ್ರೌನಿಂಗ್ ಹೈ ಪವರ್‌ನ ತದ್ರೂಪು. ಅಲ್ಲೂ ಬ್ಯಾರಲ್ ಕೆಳಗಿನಿಂದ ಬರುತ್ತದೆ, ಬಿಚ್ಚುವ ಬುಷಿಂಗ್ ಇಲ್ಲ.

ಬೆರೆಟ್ಟಾ 92ರಲ್ಲಿ ಬ್ಯಾರಲ್ ವಾಲುವುದೇ ಇಲ್ಲ, ಅದರ ಕೆಳಗಿನ ಲಾಕಿಂಗ್ ಬ್ಲಾಕ್ ಇಳಿಯುತ್ತದೆ. ವಾಲ್ಥರ್ ಪಿಪಿಕೆಯಲ್ಲಿ ಬ್ಯಾರಲ್ ಫ್ರೇಮ್‌ಗೇ ಕೂತಿದೆ. ಹೊಸ ಪಿಸ್ತೂಲಿನ ಚಿತ್ರ ಸಿಕ್ಕರೆ ನಾನು ಮೊದಲು ನೋಡುವುದು ಎರಡೇ: ಬ್ಯಾರಲ್ ವಾಲುತ್ತದಾ, ಸ್ಲೈಡ್‌ನ ಯಾವ ಕಡೆಯಿಂದ ಹೊರಗೆ ಬರುತ್ತದೆ.