ಮುಳ್ಳುಬೇಲಿಯ ಆಚೆ ಈಚೆ: ಪ್ಲೇಗಿನಿಂದ ಕೋವಿಡ್‌ವರೆಗೆ ಮೈಸೂರು ಸೀಮೆಯ ನೆರವಿನ ಕಥೆ

2020ರ ಮಾರ್ಚ್ ಕೊನೆಯ ವಾರ ಮೈಸೂರು, ಮಂಡ್ಯ ಕಡೆಯ ಎಷ್ಟೋ ಹಳ್ಳಿಗಳ ದಾರಿಗೆ ಜಾಲಿಮುಳ್ಳು ಬಿತ್ತು. ಕಲ್ಲು, ದಿಮ್ಮಿ, ಹಳೇ ಗಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಅಡ್ಡ ಹಾಕಿ, ಹೊರಗಿನವರು ಬರಕೂಡದು ಎಂದು ರಟ್ಟಿನ ಮೇಲೆ ಬರೆದು ಕಟ್ಟಿದರು. ಅದೇ ಬೇಲಿಯ ಒಳಗೆ, ಅದೇ ವಾರ, ಊರಿನ ಹುಡುಗರು ಒಂಟಿ ಮುದುಕಿಯರ ರೇಷನ್ ಕಾರ್ಡು ಈಸಿಕೊಂಡು ಹೋಗಿ ಅಕ್ಕಿ ತಂದುಕೊಡುತ್ತಿದ್ದರು. ಮುಳ್ಳು ಹಾಕಿದ ಕೈಯೂ ಅಕ್ಕಿ ಹೊತ್ತ ಕೈಯೂ ಒಂದೇ.

ಆ ಕಾಲದ ಬಗ್ಗೆ ಮಾತು ಬಂದಾಗ 'ಮಾನವೀಯತೆ ಮೆರೆದರು' ಎಂದು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಮೆರೆದದ್ದು ನಿಜ, ಅದನ್ನು ಅಲ್ಲಗಳೆಯಲು ಯಾರಿಗೂ ಬಾಯಿ ಬರಬಾರದು. ಆದರೆ ನೆರವು ಯಾರ ಬಾಗಿಲಿಗೆ ಬಂತು, ಯಾರ ಬಾಗಿಲನ್ನು ದಾಟಿಕೊಂಡು ಮುಂದೆ ಹೋಯಿತು ಎಂದು ಕೇಳದೆ ಆ ಎರಡು ವರ್ಷ ಅರ್ಥವಾಗುವುದಿಲ್ಲ. ಹಿಂದಿನ ಪಿಡುಗುಗಳ ಜೊತೆ ಇಟ್ಟು ನೋಡಿದಷ್ಟೂ ನನಗೆ ಗಟ್ಟಿಯಾಗುತ್ತಿರುವುದು ಇಷ್ಟು: ಕಾಯಿಲೆ ಬಂದ ದಿನ ನೆರವು ಹೊಸದಾಗಿ ಹುಟ್ಟುವುದಿಲ್ಲ. ಮೊದಲೇ ತೋಡಿಟ್ಟ ನಾಲೆಯಲ್ಲೇ ಅದು ಹರಿಯುತ್ತದೆ, ನಾಲೆ ಮುಟ್ಟದ ಗದ್ದೆ ಒಣಗುತ್ತದೆ.

ಬೊಂಬಾಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಂದ ಮೈಸೂರಿಗೆ ಬರಲು ತಡವಾಗಲಿಲ್ಲ. ಆಗ ರಾಜ್ಯಭಾರ ಮಾಡುತ್ತಿದ್ದವರು ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಹಿಂದಿನ ವರ್ಷವಷ್ಟೇ ಮರದ ಅರಮನೆ ಸುಟ್ಟುಹೋಗಿತ್ತು. ಪ್ಲೇಗ್ ಕಮಿಷನರ್ ಆಗಿ ನೇಮಕವಾದ ವಿ.ಪಿ. ಮಾಧವರಾಯರು ಮುಂದೆ ದಿವಾನರೂ ಆದರು. ಸರ್ಕಾರಕ್ಕೆ ಗೊತ್ತಿದ್ದ ಉಪಾಯ ಬಲವಂತದ್ದು: ಕಾಯಿಲೆಯವರನ್ನು ಮನೆಯಿಂದ ಎತ್ತಿಕೊಂಡು ಹೋಗುವುದು, ಮನೆಯವರನ್ನು ಕ್ಯಾಂಪಿಗೆ ಹಾಕುವುದು, ಹೆಂಚು ತೆಗೆಸಿ ಬಿಸಿಲು ಬಿಡಿಸುವುದು, ಬಟ್ಟೆಬರೆ ಸುಡುವುದು, ರೈಲಿನಲ್ಲಿ ಬಂದವರನ್ನು ತಡೆದು ಪರೀಕ್ಷೆ ಮಾಡುವುದು. ಹೆಂಗಸರ ಮೈ ಮುಟ್ಟಿ ಗೆಡ್ಡೆ ಇದೆಯೇ ಎಂದು ನೋಡುತ್ತಾರೆ ಎಂಬ ಸುದ್ದಿಯೇ ಸಾಕಿತ್ತು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ತಿರುಗಿಬಿದ್ದು ಗಲಭೆಯೇ ಆಯಿತು.

ಸರ್ಕಾರದ ಕ್ಯಾಂಪಿಗೆ ಹೆದರಿದ ಜನ ತಾವೇ ಒಂದು ಕ್ರಮ ಕಂಡುಕೊಂಡಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡುವುದು. ಹೊಲದಲ್ಲಿ ಬಿದಿರು ನೆಟ್ಟು, ಸೋಗೆ ಹೊದಿಸಿ, ತಿಂಗಳುಗಟ್ಟಲೆ ಅಲ್ಲೇ ಬಿಡಾರ. ಊರು ಕಾಯಲು ಸರದಿ, ನೀರು ತರಲು ಸರದಿ. ನಾಟಿಗೂ ಕುಯ್ಲಿಗೂ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದ ಪದ್ಧತಿಯೇ ಗುಡಿಸಲು ಹಾಕುವುದಕ್ಕೂ ಬಂತು: ಇವತ್ತು ನಿನ್ನ ಸೂರಿಗೆ ನಾನು, ನಾಳೆ ನನ್ನ ಸೂರಿಗೆ ನೀನು. ಪ್ಲೇಗು 1940ರ ದಶಕದವರೆಗೂ ಮತ್ತೆ ಮತ್ತೆ ಬರುತ್ತಿದ್ದರಿಂದ ಈ ಊರು ಬಿಡುವ ನೆನಪು ನಮ್ಮ ಅಜ್ಜಿಯರ ತಲೆಮಾರಿನವರೆಗೂ ಉಳಿದಿತ್ತು. ಪ್ಲೇಗಮ್ಮನಿಗೆ ಗುಡಿ ಕಟ್ಟಿ ತಂಪು ಮಾಡಿದ್ದೂ ಈ ಕಾಲದ್ದೇ.

ಆದರೆ ಹೊಲವಿದ್ದವರು ತಮ್ಮ ಹೊಲಕ್ಕೆ ಹೋದರು. ಇಲ್ಲದವರು? ಯಾರದೋ ಬದುವಿನ ಅಂಚಿಗೆ, ಕೆರೆ ಏರಿಯ ಮಗ್ಗುಲಿಗೆ, ಅದೂ ಕೇಳಿ ಒಪ್ಪಿಗೆ ಪಡೆದ ಮೇಲೆ. ಮುಯ್ಯಿ ಎಂಬುದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ. ಕೊಡಲು ಏನೂ ಇಲ್ಲದವನು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ. ಊರಿನ ಕೇರಿಗಳು ಹೇಗೆ ಬೇರೆ ಬೇರೆಯೋ ಬಿಡಾರಗಳೂ ಹಾಗೇ ಬೇರೆ ಬೇರೆ ಎದ್ದವು.

ಮೈಸೂರು ನಗರದ ಜನಸಂಖ್ಯೆ 1891ರ ಜನಗಣತಿಯಲ್ಲಿ ಸುಮಾರು 74 ಸಾವಿರ ಇತ್ತು. 1901ರ ಹೊತ್ತಿಗೆ ಸುಮಾರು 68 ಸಾವಿರಕ್ಕೆ ಇಳಿಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಈ ಪೆಟ್ಟಿನ ಬೆನ್ನಲ್ಲೇ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಬಂತು. ಕೋಟೆಯೊಳಗಿನ ಇಕ್ಕಟ್ಟು ಕಡಿಮೆ ಮಾಡುವುದು, ಚರಂಡಿ ತೆಗೆಸುವುದು, ಹೊಸ ಬಡಾವಣೆಗಳನ್ನು ಮಾಡುವುದು ಅದರ ಕೆಲಸ. ಇಂದು ಪ್ರವಾಸಿಗಳು ಮೆಚ್ಚುವ ಅಗಲ ರಸ್ತೆಗಳ ಮೈಸೂರಿನ ಹಿಂದೆ ಆ ಸಾವುಗಳೂ ಇವೆ.

1918ರ ಇನ್‌ಫ್ಲುಯೆಂಜಾ ಬೇರೆ ಥರದ್ದು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಬಿರುಗಾಳಿಯಂತೆ ಬಂದು ಹೋಯಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಯುದ್ಧದಿಂದ ಧಾನ್ಯದ ಬೆಲೆ ಮೇಲೇರಿತ್ತು. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದರೆ ಒಲೆ ಹಚ್ಚುವವರು ಯಾರು ಎಂಬುದೇ ದೊಡ್ಡ ಪ್ರಶ್ನೆ. ಊರು ಬಿಟ್ಟು ಹೋಗುವ ಹಳೇ ಉಪಾಯ ಇಲ್ಲಿ ನಡೆಯಲಿಲ್ಲ, ಗಾಳಿಯಲ್ಲಿ ಬರುವ ಕಾಯಿಲೆಯಿಂದ ಓಡಿ ಹೋಗುವುದೆಲ್ಲಿಗೆ? ವೈದ್ಯರು ಬೆರಳೆಣಿಕೆಯಷ್ಟು, ಔಷಧಿ ಇದ್ದೂ ಇಲ್ಲದಂತೆ. ಅಂಥ ಜ್ವರದಲ್ಲಿ ಒಂದು ಲೋಟ ಗಂಜಿ ಕಾಸಿಕೊಟ್ಟ ಪಕ್ಕದ ಮನೆಯವರು ಡಾಕ್ಟರಷ್ಟೇ ಜೀವ ಉಳಿಸಿರಬೇಕು ಎಂದು ನಾನು ನಂಬುತ್ತೇನೆ. ಆ ಕೆಲಸ ಮಾಡಿದವರು ಹೆಚ್ಚಾಗಿ ಹೆಂಗಸರು. ಯಾವ ವರದಿಯೂ ಅವರ ಹೆಸರು ಬರೆದುಕೊಳ್ಳಲಿಲ್ಲ.

ಇದೇ ಕಾಲಕ್ಕೆ ಮೈಸೂರಿನಲ್ಲಿ ನೆರವಿಗೆ ಬೇರೊಂದು ಆಕಾರವೂ ಬರುತ್ತಿತ್ತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿ ಬಡ ಹುಡುಗರಿಗೆ ಊಟ, ವಸತಿ, ಓದು ಒದಗಿಸಿದರು. ಸಂಸ್ಥಾನದಲ್ಲಿ 1905ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ವಾರಾನ್ನದ ಮನೆಗಳಲ್ಲಿ ಉಂಡು ಓದಿದವರ ಕಥೆಗಳು ಈ ಊರಲ್ಲಿ ಬೇಕಾದಷ್ಟಿವೆ. ಆದರೆ ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಎಂದು ಎಲೆ ಹಾಕಿದವರು ಹುಡುಗನ ಜಾತಿ ನೋಡಿಯೇ ಹಾಕಿದರು. ಮುಂದೆ ಜಾತಿಗೊಂದು ಹಾಸ್ಟೆಲ್ ಎದ್ದದ್ದೂ ಅದಕ್ಕೇ. ಲಕ್ಷಾಂತರ ಮಕ್ಕಳನ್ನು ಮೇಲೆತ್ತಿದ ಏರ್ಪಾಡು ಅದು, ಕೃತಜ್ಞತೆಯಿಂದಲೇ ನೆನೆಯಬೇಕು. ಅದರ ಗೋಡೆಗಳನ್ನೂ ಜೊತೆಗೇ ನೆನೆಯಬೇಕು.

ಇಷ್ಟೆಲ್ಲ ಇದ್ದ ನೆಲಕ್ಕೆ ಕೋವಿಡ್ ಬಂತು. ರಾಜ್ಯ ಸರ್ಕಾರ ಮೊದಲು ಕೈಗೆತ್ತಿಕೊಂಡ ಕಾನೂನು ಪ್ಲೇಗಿನ ಕಾಲದ್ದೇ, 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಮನೆಯಲ್ಲೇ ಇರಬೇಕಾದವರ ಮುಂಗೈಗೆ ಒತ್ತಿದ ಮುದ್ರೆಯ ಶಾಯಿ ನಮ್ಮ ಮೈಸೂರಿನದು, ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ಮಾಡುವ ಮೈಸೂರು ಪೇಂಟ್ಸ್ ಕಾರ್ಖಾನೆಯದು. ಮಾರ್ಚ್ 26ರಂದು ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಖಚಿತವಾಯಿತು. ಸಾವಿರಕ್ಕೂ ಹೆಚ್ಚು ನೌಕರರು ಕ್ವಾರಂಟೈನ್ ಆದರು, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ನಂಜನಗೂಡಿನವರು ಎಂದರೆ ಮೈಸೂರಿನಲ್ಲಿ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಜಿಲ್ಲೆಯ ಮೊದಲ ಸುತ್ತಿನ 90 ಸೋಂಕಿತರೂ ಗುಣವಾಗಿ, ಮೇ 15ಕ್ಕೆ ಮೈಸೂರು ತಾತ್ಕಾಲಿಕವಾಗಿ ಸೋಂಕುಮುಕ್ತವಾಯಿತು.

ಆ ದಿನಗಳಲ್ಲಿ ಹಳ್ಳಿಗಳನ್ನು ಹಿಡಿದು ನಿಲ್ಲಿಸಿದ್ದು ಏನು ಎಂದು ಕೇಳಿದರೆ ನಾನು ಮೊದಲು ಹೇಳುವುದು ಹಾಲಿನ ಡೇರಿ. ಎಲ್ಲ ಮುಚ್ಚಿದರೂ ಅದು ಮುಚ್ಚಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೇರಿ ಮುಂದೆ ಸುಣ್ಣದಲ್ಲಿ ಬರೆದ ಚೌಕಗಳಲ್ಲಿ ಕ್ಯಾನುಗಳು ಸಾಲಾಗಿ ಕೂರುತ್ತಿದ್ದವು, ಹೆಂಗಸರು ಆಚೆ ದೂರದಲ್ಲಿ ನಿಲ್ಲುತ್ತಿದ್ದರು. ಯಾರ ಮನೆಯ ಹಾಲು ಎರಡು ಹೊತ್ತು ಬರಲಿಲ್ಲವೋ ಆ ಮನೆಯಲ್ಲಿ ಏನೋ ಆಗಿದೆ ಎಂದು ಕಾರ್ಯದರ್ಶಿಗೆ ತಿಳಿಯುತ್ತಿತ್ತು. ಅವನ ಪುಸ್ತಕದಲ್ಲಿ ಮನೆಮನೆಯ ಹೆಸರು, ಲೀಟರು, ಫ್ಯಾಟು, ಬಟವಾಡೆ ಎಲ್ಲ ಇದೆ. ಜ್ವರ ಬಂದು ಮಲಗಿದವರ ಹಸುವಿನ ಹಾಲು ಕರೆಯಲು ಪಕ್ಕದ ಮನೆಯವರು ಹೋದರು, ಮೇವು ಹಾಕಿದರು, ಹಾಲನ್ನು ಅವರ ಹೆಸರಿಗೇ ಅಳೆದರು. ಬೇರೆ ಆದಾಯವೆಲ್ಲ ನಿಂತಾಗ ಬಟವಾಡೆ ದುಡ್ಡೊಂದೇ ಎಷ್ಟೋ ಮನೆಗಳ ಎಣ್ಣೆ, ಉಪ್ಪು, ಮಾತ್ರೆಗೆ ಆಯಿತು. ಏಪ್ರಿಲ್‌ನಲ್ಲಿ ಹೋಟೆಲ್ಲುಗಳಿಲ್ಲದೆ ಉಳಿದ ಹಾಲನ್ನು ಸರ್ಕಾರ ಕೊಂಡು ಕೊಳೆಗೇರಿಗಳಲ್ಲಿ, ಕಾರ್ಮಿಕರ ಬಿಡಾರಗಳಲ್ಲಿ ಪುಕ್ಕಟೆ ಹಂಚಿತು. ಹಸು ಇಲ್ಲದ ಕೂಲಿಯವರಿಗೆ ಈ ಪುಸ್ತಕದಲ್ಲಿ ಹೆಸರಿಲ್ಲ ಎಂಬುದನ್ನೂ ಹೇಳಲೇಬೇಕು.

ನಗರದಲ್ಲಿ ಆ ಕೆಲಸ ಅಡುಗೆಮನೆಗಳಿಂದ ನಡೆಯಿತು. ಮದುವೆಗಳು ನಿಂತು ಖಾಲಿಯಾಗಿದ್ದ ಕಲ್ಯಾಣಮಂಟಪಗಳು, ಮಠಗಳು, ಮಸೀದಿ ಕಮಿಟಿಗಳು, ಗುರುದ್ವಾರ, ಚರ್ಚುಗಳು, ಬೀದಿಯ ಗಣಪತಿ ಸಂಘಗಳು. ಕುವೆಂಪುನಗರದ ಕಡೆಯ ಒಂದು ಮಂಟಪದಲ್ಲಿ ಮದುವೆ ಅಡುಗೆಯವರೇ, ತಮಗೂ ಕೆಲಸವಿಲ್ಲದ ಹೊತ್ತಿನಲ್ಲಿ, ಕೂಲಿ ಕೇಳದೆ ನಿಂತು ಮಾಡುವುದನ್ನು ನೋಡಿದೆ. ಮೊದಲ ದಿನಗಳಲ್ಲಿ ಅನ್ನ ಸಾರು ಕಟ್ಟಿಕೊಟ್ಟರು. ಸಾರಿನ ಪೊಟ್ಟಣ ದಾರಿಯಲ್ಲೇ ಒಡೆಯಿತು. ಚಿತ್ರಾನ್ನಕ್ಕೆ ಬದಲಾಯಿಸಿದರು, ಬೇಸಿಗೆಯ ಸೆಕೆಗೆ ಅದು ಸಂಜೆ ಹೊತ್ತಿಗೆ ಹಳಸುತ್ತಿತ್ತು. ಕೊನೆಗೆ ರಾತ್ರಿಗೆಂದು ಕೊಡುವುದೆಲ್ಲ ಪುಳಿಯೋಗರೆ ಎಂದಾಯಿತು, ಹುಣಿಸೆಹಣ್ಣು ಎಣ್ಣೆ ಎರಡೂ ಸೇರಿದರೆ ಮಾರನೇ ದಿನಕ್ಕೂ ಕೆಡುವುದಿಲ್ಲವಲ್ಲ. ಸಕ್ಕರೆ ಕಾಯಿಲೆಯವರು ಮೂರು ಹೊತ್ತೂ ಅನ್ನ ತಿನ್ನಲಾಗುವುದಿಲ್ಲ ಎಂದಾಗ ಅವರಿಗೆ ಬೇರೆ ಚಪಾತಿ. ರೇಷನ್ ಕಿಟ್ಟಿನಲ್ಲೂ ಹೀಗೇ ಕಲಿತರು: ಅಕ್ಕಿ, ಬೇಳೆ, ಎಣ್ಣೆ, ಖಾರದಪುಡಿ, ಸೋಪು ಹಾಕಿ ಕೊಟ್ಟರೆ, ಮಂಡ್ಯ ಕಡೆಯಿಂದ ಬಂದು ನೆಲೆಸಿದ ಮನೆಯವರು ರಾಗಿಹಿಟ್ಟು ಕೇಳಿದರು. ಕೇಳಿದ್ದಕ್ಕೆ ಮುಖ ಸಿಂಡರಿಸಿದವರೂ ಇದ್ದರು. ಮುದ್ದೆ ಉಂಡು ಬೆಳೆದವರು ಮುದ್ದೆ ಕೇಳುವುದು ದುರಾಸೆಯಲ್ಲ.

ಕಿಟ್ ಕೊಡುವಾಗ ಫೋಟೋ ತೆಗೆದದ್ದು ಮಾತ್ರ ನನಗೆ ಇವತ್ತಿಗೂ ನೋವು. ಆ ಕ್ಯಾಮೆರಾಕ್ಕೆ ಹೆದರಿಯೇ ಎಷ್ಟೋ ಮನೆಯವರು ಸಾಲಿಗೆ ಬರಲಿಲ್ಲ: ಓಲಗದವರು, ಖಾಸಗಿ ಶಾಲೆಯ ಮೇಷ್ಟ್ರುಗಳು, ಸಣ್ಣ ಗುಡಿಯ ಅರ್ಚಕರು, ಟಾಂಗಾದವರು. ಮಂಡಿ ಮೊಹಲ್ಲಾ, ಉದಯಗಿರಿಯ ಮನೆಗಳಲ್ಲಿ ಕೂತು ಊದುಬತ್ತಿ ಹೊಸೆಯುವ ಹೆಂಗಸರಿಗೆ ಕಚ್ಚಾಮಾಲು ಬರುವುದೇ ನಿಂತಿತ್ತು. ಸರ್ಕಾರ ಮೇ ತಿಂಗಳಲ್ಲಿ 1,610 ಕೋಟಿ ರೂಪಾಯಿಯ ಪ್ಯಾಕೇಜು ಘೋಷಿಸಿ ಆಟೋ, ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಅಗಸರಿಗೆ ತಲಾ 5,000 ರೂಪಾಯಿ ಎಂದಿತು. ಅದಕ್ಕೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ, ದಾಖಲೆ ಬೇಕಿತ್ತು. ಓದಿದ ಹುಡುಗ ಹುಡುಗಿಯರು ಬೀದಿ ಬದಿಯಲ್ಲಿ ಮೊಬೈಲ್ ಹಿಡಿದು ಕೂತು ಅಂಥವರ ಅರ್ಜಿ ತುಂಬಿಕೊಟ್ಟರು. ಅನ್ನದಾನದಷ್ಟು ಸದ್ದು ಮಾಡದ ಈ ಕೆಲಸ ನನಗೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಆ ಹೊತ್ತಿಗೆ ಮಂಡ್ಯದ ಪರೀಕ್ಷೆ ಶುರುವಾಗಿತ್ತು. ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ದುಡಿಯಲು ಮುಂಬೈಗೆ ಹೋದವರು ಸಾಕಷ್ಟು ಮಂದಿ. ಮೇ ತಿಂಗಳಲ್ಲಿ ಅವರು ಕೆಲಸ ಕಳೆದುಕೊಂಡು ಹಿಂದಿರುಗಿದಾಗ ಜಿಲ್ಲೆಯ ಸೋಂಕಿನ ಸಂಖ್ಯೆ ಜಿಗಿಯಿತು. ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇವರ ಮನಿಯಾರ್ಡರನ್ನು ಸಂತೋಷದಿಂದ ತೆಗೆದುಕೊಂಡಿದ್ದ ಊರುಗಳೇ ಇವರನ್ನು ಒಳಗೆ ಬಿಡಲು ಹಿಂಜರಿದವು. ಹಾಸ್ಟೆಲ್ಲುಗಳಲ್ಲಿ, ಶಾಲೆಗಳಲ್ಲಿ ಕ್ವಾರಂಟೈನ್ ಆದವರಿಗೆ ಮನೆಯವರು ಗೇಟಿನ ತನಕ ಬುತ್ತಿ ತಂದಿಟ್ಟು ದೂರ ನಿಂತರು. ದೆಹಲಿಯಲ್ಲಿ ನಡೆದ ತಬ್ಲೀಗ್ ಎಂಬ ಮುಸ್ಲಿಂ ಧಾರ್ಮಿಕ ಸಮಾವೇಶದಿಂದ ಸೋಂಕು ಹರಡಿತು ಎಂಬ ಸುದ್ದಿಯ ನಂತರ ರಾಜ್ಯದ ಹಲವು ಕಡೆ ಮುಸ್ಲಿಂ ತರಕಾರಿ, ಹಣ್ಣಿನ ವ್ಯಾಪಾರಿಗಳನ್ನು ಬೀದಿಗೆ ಬಿಡದೆ ತಡೆದದ್ದೂ ಇದೇ ಬೇಸಿಗೆಯಲ್ಲಿ. ಎಚ್.ಡಿ. ಕೋಟೆಯ ಹಾಡಿಗಳ, ಅಂದರೆ ಆದಿವಾಸಿ ಕೇರಿಗಳ, ಜೇನುಕುರುಬರು ಕೊಡಗಿನ ಕಾಫಿ ತೋಟದ ಕೂಲಿಯನ್ನೇ ನಂಬಿದವರು. ಅವರಿಗೆ ದಾರಿಯೇ ಮುಚ್ಚಿತು. ಯಾವ ಡೇರಿ ಪುಸ್ತಕ, ಯಾವ ಬೀದಿ ಸಂಘವೂ ಅವರನ್ನು ಎಣಿಸಿರಲಿಲ್ಲ. ಅಲ್ಲಿಗೆ ಬೇಗ ತಲುಪಿದ್ದು ವರ್ಷಗಳಿಂದ ಹಾಡಿಗಳಲ್ಲಿ ಓಡಾಡಿ ಹೆಸರು ಹಿಡಿದು ಕರೆಯಬಲ್ಲವರಾಗಿದ್ದ ಕಾರ್ಯಕರ್ತರು.

2021ರ ಎರಡನೇ ಅಲೆಯಲ್ಲಿ ಅಕ್ಕಿ ಬೇಳೆಯ ಪ್ರಶ್ನೆ ಹಿಂದೆ ಸರಿದು ಹಾಸಿಗೆ, ಆಮ್ಲಜನಕ, ಹೆಣ ಸುಡುವ ಜಾಗದ ಪ್ರಶ್ನೆ ಬಂತು. ಮೇ 2ರ ರಾತ್ರಿಯಿಂದ 3ರ ನಡುವೆ ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ಸಿಲಿಂಡರ್ ಮೈಸೂರಿನಿಂದ ಹೋಗಬೇಕಿತ್ತು. ನೆರೆಹೊರೆಯವರ ಪ್ರೀತಿ ಎಷ್ಟಿದ್ದರೂ ಆಮ್ಲಜನಕದ ಘಟಕವಾಗುವುದಿಲ್ಲ. ಸರ್ಕಾರ ಮಾಡಬೇಕಾದ್ದನ್ನು ಸರ್ಕಾರವೇ ಮಾಡಬೇಕು ಎಂದು ಆ ರಾತ್ರಿಯಷ್ಟು ಕಠೋರವಾಗಿ ಇನ್ಯಾವುದೂ ಹೇಳಲಿಲ್ಲ. ಆದರೂ ಜನ ಸುಮ್ಮನಿರಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಹಾಸಿಗೆ ಹುಡುಕಿದರು, ತಮ್ಮ ಕಾರನ್ನೇ ಆಂಬುಲೆನ್ಸ್ ಮಾಡಿದರು. ಮಕ್ಕಳೇ ಮುಟ್ಟಲು ಹೆದರಿದ ದೇಹಗಳನ್ನು ಹೊತ್ತು, ಅವರವರ ಶಾಸ್ತ್ರದಂತೆ ಬೆಂಕಿ ಮಣ್ಣು ಮಾಡಿದವರಲ್ಲಿ ಮುಸ್ಲಿಂ ಯುವಕರ ತಂಡಗಳು ಮುಂದಿದ್ದವು. ಹಿಂದಿನ ವರ್ಷ ಅವರದೇ ಬಂಧುಗಳ ತಳ್ಳುಗಾಡಿಯನ್ನು ತಡೆದಿದ್ದು ಅವರಿಗೆ ಮರೆತಿರಲಿಕ್ಕಿಲ್ಲ.

ಈ ಎರಡೂ ವರ್ಷ ಪ್ರತಿ ಬೀದಿಯ ಪ್ರತಿ ಮನೆಯ ಹೆಸರು ಬರೆದುಕೊಂಡು, ಹಸು ಇದ್ದವರು ಇಲ್ಲದವರು ಎನ್ನದೆ, ಜಾತಿ ಕೇರಿ ನೋಡದೆ ಬಾಗಿಲು ಬಡಿದವರು ಒಬ್ಬರೇ: ಆಶಾ ಕಾರ್ಯಕರ್ತೆಯರು. ಬೇಲಿ ಹಾಕಿದ ಊರಲ್ಲಿ ಬೇಲಿ ದಾಟಿ ಬರಲು ಅವರಿಗೆ ಮಾತ್ರ ಕೆಲಸವಿತ್ತು, ಬೈಗುಳವನ್ನೂ ಅವರೇ ತಿಂದರು. 2020ರ ಜುಲೈ 10ರಿಂದ ರಾಜ್ಯದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. 2025ರ ಜನವರಿಯ ಚಳಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಮೈಸೂರಿನವರೇ ಆದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಭರವಸೆ ಕೊಟ್ಟ ಮೇಲೆ ಎದ್ದರು. ಅದೇ ವರ್ಷದ ಆಗಸ್ಟಿನಲ್ಲಿ, ಕೊಟ್ಟ ಮಾತು ನಡೆಸಿಕೊಡಿ ಎಂದು ಕೇಳಲು ಮತ್ತೆ ಬೀದಿಗೆ ಬರಬೇಕಾಯಿತು.